ಮಾತಾಡುತ್ತ ಹತ್ತುವ ಪಾವಟಿಗೆ

ಮನೆ ಕಟ್ಟಿ ಮುಗಿದ ಮೇಲೆ ಉಳಿದ ಕಲ್ಲಿನಲ್ಲಿ ಪಾವಟಿಗೆ ಕಟ್ಟುವುದು ನಮ್ಮ ಕಡೆಯ ಹಳೆಯ ರೂಢಿ. ಗೋಡೆಗೆ ಒಳ್ಳೆಯ ಕಲ್ಲು, ಬಾಗಿಲಿಗೆ ಒಳ್ಳೆಯ ಕಟ್ಟಿಗೆ, ದೇವರ ಕೋಣೆಯ ನೆಲಕ್ಕೆ ಹಾಸಲು ಒಳ್ಳೆಯ ಫರಸಿ ಕಲ್ಲು. ಇದೆಲ್ಲ ಆದ ಮೇಲೆ ಹಿತ್ತಲಲ್ಲಿ ಬಿದ್ದ ತುಂಡುಗಳನ್ನು ಆಯ್ದು ತಂದು, ಉಳಿದ ಜಾಗದಲ್ಲಿ ಹೊಂದಿಸಿ, ಹೊರಗಿನಿಂದ ಮೇಲೆ ಹೋಗಲು ಮೆಟ್ಟಿಲು ಮಾಡುತ್ತಿದ್ದರು. ದಪ್ಪ ಕಲ್ಲು ಸಿಕ್ಕಲ್ಲಿ ಎತ್ತರದ ಮೆಟ್ಟಿಲು, ತೆಳ್ಳನೆಯದು ಸಿಕ್ಕಲ್ಲಿ ಗಿಡ್ಡ. ಮನೆಯವರು ಹೇಗೋ ರೂಢಿ ಮಾಡಿಕೊಳ್ಳುತ್ತಿದ್ದರು. ಬಂದ ಬೀಗರು ಬೀಳುತ್ತಿದ್ದರು.

ನಮ್ಮ ಭಾವನವರ ಮೊಮ್ಮಗಳು ಸುಮಾ ಡಿಪ್ಲೊಮಾ ಮುಗಿಸಿ ಈಗ ಕಟ್ಟಡದ ಕೆಲಸಕ್ಕೆ ಸೇರಿದ್ದಾಳೆ. "ಅಜ್ಜಿ, ನೀ ಅಷ್ಟು ವರ್ಷ ಸೈಟಿನ ಮ್ಯಾಲ ಅಡ್ಡಾಡಿದಾಕಿ. ಪುಸ್ತಕದಾಗ ಇರಲಾರದ್ದು ಏನರ ಇದ್ರ ಬರದ ಕೊಡು" ಎಂದು ಬೆನ್ನು ಹತ್ತಿದ್ದಾಳೆ. ಬರೆಯಲು ಕೂತರೆ ನನಗೇ ನಗು ಬರುತ್ತದೆ. ನನಗೆ ಹುದ್ದೆ ಇರಲಿಲ್ಲ, ಪಗಾರ ಇರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿದಿಟ್ಟು, ಮಗಳ ಜಡೆ ಹೆಣೆದು, ಆಮೇಲೆ ಸೈಟಿಗೆ ಹೋಗುತ್ತಿದ್ದೆ. ಮೊಣಕಾಲು ನೋವು ಶುರುವಾದಾಗ ನಿವೃತ್ತಿ ಮಾತ್ರ ಉಳಿದವರಿಗೆ ಬಂದ ಹಾಗೆಯೇ ಬಂತು.

ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಅಲ್ಲಿ ಕಟ್ಟಿಗೆಯ ದೊಡ್ಡ ಮೆಟ್ಟಿಲಿತ್ತು. ಸಾಲಾಗಿ ಹತ್ತಬೇಕು, ಕೈ ಕಟಾಂಜನದ ಮೇಲಿರಬೇಕು, ಕಣ್ಣು ಮುಂದಿನವಳ ಜಡೆಯ ಮೇಲಿರಬೇಕು, ಬಾಯಿ ಮುಚ್ಚಿರಬೇಕು. ಮೆಟ್ಟಿಲ ಮೇಲೆ ಮಾತಾಡಿದರೆ ಸಿಸ್ಟರ್ ಕೆಳಗೆ ಕಳಿಸಿ ಮತ್ತೆ ಹತ್ತಿಸುತ್ತಿದ್ದರು. ಆ ಮೆಟ್ಟಿಲೇ ನನ್ನ ಮೊದಲ ಪಾಠವಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಮದುವೆಯಾಗಿ ಬಂದದ್ದು ಕಲಘಟಗಿಗೆ. ನಮ್ಮವರು ಹುಬ್ಬಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಮುಂಜಾನೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮಾವನವರು ಸಣ್ಣ ಗುತ್ತಿಗೆದಾರರು. ಸುತ್ತಲಿನ ಹಳ್ಳಿಗಳಲ್ಲಿ ಸಾಲಿ, ಸೊಸೈಟಿಯ ಗೋದಾಮು, ದನದ ದವಾಖಾನೆ ಕಟ್ಟಿಸುತ್ತಿದ್ದರು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಇಲಾಖೆಯ ನಕ್ಷೆಗಳು ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ. ಒಂದು ದಿನ ಅಡುಗೆಮನೆಗೇ ನಕ್ಷೆ ತಂದು ನೆಲಕ್ಕೆ ಹಾಸಿ, ಒಂದು ಮೂಲೆಗೆ ಬೇಳೆಯ ಡಬ್ಬಿ, ಇನ್ನೊಂದಕ್ಕೆ ಲಟ್ಟಣಿಗೆ ಇಟ್ಟರು.

"ಓದು ಬೇ, ಇಂಗ್ಲೀಷಿನ್ಯಾಗ ಏನ ಬಡಕೊಂಡಾರ ನೋಡೂಣು."

ಓದಿದೆ. ಎಲ್ಲ ಮೆಟ್ಟಿಲಿನ ಎತ್ತರ ಒಂದೇ ಇರಬೇಕು. ಪೂರ್ತಿ ಪಾದ ಕೂಡುವಷ್ಟು ಅಗಲ ಇರಬೇಕು. ತಿರುವಿನಲ್ಲಿ ನಿಲ್ಲಲು ಜಾಗ ಬೇಕು. ತೆರೆದ ಬದಿಗೆ ಕೈಗೆ ನಿಲುಕುವ ಕಟಾಂಜನ ಬೇಕು. ನೀರು ನಿಲ್ಲಬಾರದು.

"ಇಷ್ಟ ಹೇಳಾಕ ಇಷ್ಟ ದೊಡ್ಡ ಕಾಗದ ಬೇಕಾತೇನು?" ಎಂದರು. ಆದರೆ ಮರುದಿನ ನನ್ನನ್ನು ಸೈಟಿಗೆ ಕರೆದರು.

ಅತ್ತೆಯವರು ರೊಟ್ಟಿಯ ಹಂಚಿನ ಮುಂದಿನಿಂದಲೇ ಕೇಳಿದರು, "ಸೊಸಿ ಸೈಟಿಗೆ ಹೋದ್ರ ಮಂದಿ ಏನಂದಾರು?"

"ಪಾವಟಿಗಿ ಮ್ಯಾಲಿಂದ ಬಿದ್ರ ಮಂದಿ ಏನಂದಾರು, ಅದನ್ನ ಮೊದಲ ಕೇಳು" ಎಂದು ಮಾವನವರು ಚಪ್ಪಲಿ ಮೆಟ್ಟಿದರು.

ನಮ್ಮ ಮುಖ್ಯ ಗವಂಡಿ ಫಕೀರಪ್ಪ. ಇಲ್ಲಿ ಕಲ್ಲು ಕಟ್ಟುವವನಿಗೆ ಗವಂಡಿ ಎನ್ನುತ್ತೇವೆ. ಎತ್ತರದ, ಒಣಕಲು ಮನುಷ್ಯ. ಕಲ್ಲಿಗೆ ಪೆಟ್ಟು ಹಾಕುವ ಮುನ್ನ ಅದನ್ನು ಒಮ್ಮೆ ಸವರುತ್ತಿದ್ದ, ಎತ್ತಿನ ಬೆನ್ನು ಸವರಿದ ಹಾಗೆ. ಮೊದಮೊದಲು ನನ್ನ ಕೂಡ ಮಾತಾಡುತ್ತಿರಲಿಲ್ಲ, ನಾನು ಹೇಳಿದ್ದನ್ನು ಮಾವನವರ ಮುಖ ನೋಡಿ ಕೇಳಿಸಿಕೊಳ್ಳುತ್ತಿದ್ದ. ಅವನ ಮಾತು ಬಿಡಿಸಿದ್ದು ದೇವಿಕೊಪ್ಪದ ಸಾಲಿ.

ಅಲ್ಲಿನ ಹೆಡ್‌ಮಾಸ್ತರರಿಗೆ ಸಾಲಿಯ ಮುಂದಿನ ಪಾವಟಿಗೆ ಕನ್ನಡಿಯ ಹಾಗೆ ಹೊಳೆಯಬೇಕಿತ್ತು. ಊರವರೂ ಹ್ಞೂಂ ಅಂದರು. ನುಣುಪು ಫರಸಿ ತರಿಸಿ ಹಾಕಿದೆವು. ಬೇಸಿಗೆಯಲ್ಲಿ ಎಲ್ಲರೂ ಹೊಗಳಿದರು. ಮೊದಲ ಮಳೆಗೆ ಹೆಡ್‌ಮಾಸ್ತರರೇ ಜಾರಿದರು. ಕೊಡೆ ಒಂದು ಕಡೆ, ಚಪ್ಪಲಿ ಒಂದು ಕಡೆ. ಅವರು ಮಾತ್ರ ಎದ್ದೇಳದೆ, ತಾವು ಬೇಕೆಂದೇ ಅಲ್ಲಿ ಕೂತವರ ಹಾಗೆ, "ಏನ ನೋಡ್ತೀರಿ? ಒಳಗ ಹೋಗ್ರಿ, ಪಾಠ ಓದ್ರಿ" ಎಂದು ಮಕ್ಕಳನ್ನು ಕಳಿಸಿದರಂತೆ. ಮಾಸ್ತರರು ಎದ್ದು ಒಳಗೆ ಹೋಗುವ ತನಕ ಯಾರೂ ನಗಲಿಲ್ಲ.

ಫರಸಿ ಕಿತ್ತು ಬೇರೆ ಹಾಕುವುದೆಂದರೆ ಮಳೆಗಾಲವೆಲ್ಲ ಸಾಲಿ ಬಂದ್. ನನಗೆ ನೆನಪಾದದ್ದು ನಮ್ಮ ಓಣಿಗೆ ಬರುತ್ತಿದ್ದ ಹೆಂಗಸು. ಬೀಸುವ ಕಲ್ಲು ಸವೆದು ನುಣ್ಣಗಾದಾಗ ಉಳಿಯಿಂದ ಕುಟ್ಟಿ ಹಲ್ಲು ಹೊಡೆದುಕೊಡುತ್ತಿದ್ದಳು. ಅವಳನ್ನು ಕರೆದುಕೊಂಡು ಹೋದೆ. ಪಾವಟಿಗೆ ನೋಡಿ ಸೊಂಟದ ಮೇಲೆ ಕೈ ಇಟ್ಟಳು. "ಬೀಸೂ ಕಲ್ಲಾದ್ರ ಹಲ್ಲ ಹೊಡೀತೀನ್ರಿ. ಇದರ ಮ್ಯಾಲ ಏನ ಬೀಸವ್ರದೀರಿ?"

"ಹೆಡ್‌ಮಾಸ್ತರನ್ನ" ಎಂದ ಫಕೀರಪ್ಪ, ತಲೆ ಎತ್ತದೆ.

ನಾನು ಸೆರಗು ಬಾಯಿಗೆ ಒತ್ತಿಕೊಂಡು ಆಚೆ ಹೋದೆ. ಅವಳು ಮೆಟ್ಟಿಲಿಗೊಂದರಂತೆ ಕೂತು ಫರಸಿಗೆಲ್ಲ ಹಲ್ಲು ಹೊಡೆದಳು, ಆಮೇಲೆ ಯಾರೂ ಜಾರಲಿಲ್ಲ. ಅಂದಿನಿಂದ ಅವನು ನನ್ನನ್ನೇ ನೋಡಿ ಮಾತಾಡತೊಡಗಿದ. ಸುಮಾ, ಈಗ ಹೊರಗಿನ ಮೆಟ್ಟಿಲಿಗೆ ಒರಟು ಟೈಲ್ಸ್ ಅಂಗಡಿಯಲ್ಲೇ ಸಿಗುತ್ತವೆ. ನಿನ್ನ ಗಿರಾಕಿ ಹೊಳಪಿನದೇ ಬೇಕು ಎಂದರೆ ಒಂದು ಚರಿಗೆ ನೀರು ಸುರಿದು, ಅವರಿಗೇ ಅದರ ಮೇಲೆ ನಡೆಯಿರಿ ಎನ್ನು.

ಇಲಾಖೆಯಿಂದ ನಮ್ಮ ಕೆಲಸ ನೋಡಲು ಬರುತ್ತಿದ್ದವರಲ್ಲಿ ಮರೆಯಲಾಗದವರು ಒಬ್ಬ ಓವರ್‌ಸಿಯರ್. ಮೈಸೂರು ಕಡೆಯ ತರುಣ, ಒಬ್ಬರೇ ರೂಮು ಮಾಡಿಕೊಂಡಿದ್ದರು. ನಮ್ಮ ಖಾರಕ್ಕೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಬುತ್ತಿ ಬಿಚ್ಚಿದರೆ ಬೇಡ ಎನ್ನುತ್ತಿರಲಿಲ್ಲ. "ದಯವಿಟ್ಟು ಸ್ವಲ್ಪ ಸರಿಯಾಗಿ ಮಾಡ್ತೀರಾ?" ಎಂದು ಅವರು ಕೇಳಿದರೆ ಗವಂಡಿಗಳು ಒಬ್ಬರಿಗೊಬ್ಬರು ಮುಖ ನೋಡಿ ನಗುತ್ತಿದ್ದರು. ಬೈದರೆ ಮಾತ್ರ ಕೆಲಸ ಎಂದು ತಿಳಿದ ಮಂದಿ. ಆದರೆ ಅವರ ಜೋಳಿಗೆಯಲ್ಲಿ ಒಂದು ಕಟ್ಟಿಗೆಯ ತುಂಡು ಇರುತ್ತಿತ್ತು, ಸರಿಯಾಗಿ ಒಂದು ಮೆಟ್ಟಿಲಿನ ಎತ್ತರಕ್ಕೆ ಕತ್ತರಿಸಿದ್ದು. ಅದನ್ನು ಪ್ರತಿ ಪಾವಟಿಗೆಗೂ ತಾಗಿಸಿ ನೋಡುತ್ತಿದ್ದರು. ಬೆರಳಿನ ದಪ್ಪ ಹೆಚ್ಚುಕಡಿಮೆ ಬಂದರೂ ಒಪ್ಪುತ್ತಿರಲಿಲ್ಲ.

"ಇಷ್ಟಕ್ಕ ಯಾರು ಬೀಳ್ತಾರ್ರಿ?" ಎಂದು ಫಕೀರಪ್ಪ ಒಮ್ಮೆ ಕೇಳಿದ.

ಅವರು ಹೇಳಿದ ಉತ್ತರ ನನಗೆ ಇಂದಿಗೂ ನೆನಪಿದೆ. "ಮೊದಲಿನ ಎರಡು ಮೆಟ್ಟಿಲನ್ನ ಕಣ್ಣು ನೋಡುತ್ತೆ ಫಕೀರಪ್ಪನವರೇ. ಆಮೇಲೆ ಕಣ್ಣು ನೋಡೋದಿಲ್ಲ, ಕಾಲೇ ಲೆಕ್ಕ ಇಟ್ಕೊಳ್ಳುತ್ತೆ. ಕಾಲಿಗೆ ಸುಳ್ಳು ಹೇಳಬಾರದು."

ಅವತ್ತು ಹೋಗುವಾಗ ಅಂಥದೇ ಒಂದು ತುಂಡನ್ನು ನನಗೂ ಕೊಟ್ಟರು. ನನ್ನ ಕೈಚೀಲದಲ್ಲಿ ಅದು ವರ್ಷಗಟ್ಟಲೆ ಇತ್ತು, ಬಾಚಣಿಗೆಯ ಜೋಡಿ.

ಈಗ ದುಮ್ಮವಾಡದ ಮಾತು. ಬರೆಯಬೇಕೆಂದು ನಿಜವಾಗಿ ಕೂತದ್ದು ಅದಕ್ಕೇ.

ಅಲ್ಲಿ ಸೊಸೈಟಿಯ ಗೋದಾಮಿನ ಮೇಲೆ ಒಂದು ಕೋಣೆ ಕಟ್ಟಿ, ಹೆಣ್ಣುಮಕ್ಕಳಿಗೆ ಹೊಲಿಗೆಯ ಕ್ಲಾಸು ನಡೆಸುವುದೆಂದು ನಿಶ್ಚಯವಾಗಿತ್ತು. ಕೆಳಗೆಲ್ಲ ಗೊಬ್ಬರದ ಚೀಲ, ಭತ್ತದ ಚೀಲ. ಹಾಗಾಗಿ ಮೇಲಕ್ಕೆ ಹೊರಗಿನಿಂದಲೇ ಪಾವಟಿಗೆ. ಹೆಸರು ಕೊಟ್ಟವರಲ್ಲಿ ಗಂಗವ್ವ ಎಂಬ ಹುಡುಗಿ ಒಬ್ಬಳು. ಸಣ್ಣಂದಿನಲ್ಲಿ ಬಂದ ಜ್ವರದಿಂದ ಅವಳ ಬಲಗಾಲು ಸಣಕಲಾಗಿತ್ತು. ಬಲಗೈಯಿಂದ ಬಲಮೊಣಕಾಲು ಒತ್ತಿ ಹಿಡಿದು ಹೆಜ್ಜೆ ಇಡುತ್ತಿದ್ದಳು. ಮದುವೆಯಾಗಿತ್ತು, ಆದರೆ ಹೊಲದ ಕೆಲಸ ಆಗುವುದಿಲ್ಲವೆಂದು ಗಂಡನ ಮನೆಯವರು ತವರಿಗೆ ಬಿಟ್ಟುಹೋಗಿದ್ದರು. ಅಣ್ಣನ ಮನೆಯಲ್ಲಿದ್ದು ಊರವರ ಹಳೆ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದಳು. ಅವಳ ಸೂಜಿಯ ಟಾಕಿ ನೋಡಿದ್ದೇನೆ, ಇರುವೆಯ ಸಾಲಿನ ಹಾಗೆ ಇರುತ್ತಿತ್ತು.

"ಕೌದಿ ಮಂದಿ ವರ್ಷಕ್ಕೊಮ್ಮಿ ಹೊಲಿಸ್ತಾರ್ರಿ ಅಕ್ಕಾರ. ಜಂಪರ್ ಆದ್ರ ಹಬ್ಬಕ್ಕೊಂದು, ಮದುವಿಗೊಂದು. ಮಷಿನ್ ಕಲ್ತ್ರ ನಮ್ಮ ವೈನಿ ಮುಂದ ಊಟಕ್ಕ ಕೂಡೂವಾಗ ತಲಿ ಬಗ್ಗಸೂದು ತಪ್ಪತೈತಿ" ಎಂದಿದ್ದಳು. ಮಷಿನ್ ತುಳಿಯಲು ಒಂದು ಕಾಲು ಸಾಕೇ ಎಂದು ಕೇಳಿದವರಿಗೆ, "ನಿಮ್ಮ ಎರಡು ಕಾಲು ಏನ ಹೊಲದಾವ ತೋರಸ್ರಿ" ಎನ್ನುತ್ತಿದ್ದಳು.

ಪಾವಟಿಗೆಯ ಕೆಲಸ ಅರ್ಧ ಆಗಿರುವಾಗ ನನ್ನ ಮಗಳಿಗೆ ಜ್ವರ ಬಂತು, ಕೆಲವು ದಿನ ನಾನು ಹೋಗಲಾಗಲಿಲ್ಲ. ಮತ್ತೆ ಹೋದಾಗ ಮೆಟ್ಟಿಲು ಮುಗಿದು, ಹೆಣ್ಣಾಳುಗಳು ಮೇಲಿನ ಕೋಣೆಯ ನೆಲಕ್ಕೆ ಸಿಮೆಂಟು ಹೊರುತ್ತಿದ್ದರು. ಎಷ್ಟು ಚಂದದ ಪಾವಟಿಗೆ. ಅಂಚೆಲ್ಲ ದಾರ ಹಿಡಿದ ಹಾಗೆ. ಫಕೀರಪ್ಪ ಮೀಸೆಯಲ್ಲಿ ನಗುತ್ತ ನಿಂತಿದ್ದ.

ಅವತ್ತೇ ಸೊಸೈಟಿಯ ಚೇರಮನ್ನರು ಕ್ಲಾಸಿಗೆ ಸೇರುವ ಹೆಣ್ಣುಮಕ್ಕಳನ್ನು ಕರೆದುಕೊಂಡು ನೋಡಲು ಬಂದರು. ಎಲ್ಲರೂ ಹತ್ತಿದರು. ಕೊನೆಗೆ ಗಂಗವ್ವ. ಹತ್ತುವಾಗ ಎಡಕ್ಕೆ ಗೋಡೆ, ಬಲಕ್ಕೆ ಕಬ್ಬಿಣದ ಕಟಾಂಜನ. ಅವಳ ಬಲಗೈ ಮೊಣಕಾಲಿನ ಮೇಲೆ, ಎಡಗೈ ಬರೀ ಗೋಡೆಯ ಮೇಲೆ. ಎಡಗಾಲಿಟ್ಟು, ಬಲಗಾಲು ಎಳೆದುಕೊಂಡು, ಒಂದೊಂದೇ ಏರಿದಳು. ಇನ್ನೇನು ತುದಿ ಮುಟ್ಟಬೇಕು, ಮುಗ್ಗರಿಸಿ ಮೊಣಕಾಲ ಮೇಲೆ ಬಿದ್ದಳು. ಬಳೆ ಒಡೆದವು.

ಯಾರೋ ಹಿಡಿಯಲು ಹೋದರೆ, "ಬಿಡ್ರಿ, ಬಿದ್ದು ರೂಢಿ ಐತಿ" ಎಂದಳು. ಎದ್ದೇಳುವ ಮೊದಲು ಒಡೆದ ಬಳೆಯ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡಳು, ಬರಿಗಾಲಲ್ಲಿ ಓಡಾಡುವ ಆಳುಗಳಿಗೆ ಚುಚ್ಚಬಾರದೆಂದು.

ಚೇರಮನ್ನರು ಕೆಟ್ಟವರಲ್ಲ. ಮೆಲ್ಲಗೇ ಹೇಳಿದರು. "ನೋಡವಾ ಗಂಗವ್ವಾ, ಇದು ನಿನ್ನ ಕಾಲಿಗೆ ಆಗೂ ಮಾತಲ್ಲ. ನಾಳೆ ಬಿದ್ದು ಏನರ ಆದ್ರ ಹೊಣಿ ಯಾರು? ನಿನ್ನ ಹೆಸರ ತಗಸ್ತೀನಿ, ತಪ್ಪ ತಿಳ್ಕೋಬ್ಯಾಡ."

ಅವಳು ಸೆರಗಿನ ಬಳೆಚೂರುಗಳಿಗೆ ಗಂಟು ಹಾಕಿದಳು. ಬಾಯಿಗೆ ಬಾಯಿ ಕೊಡುವ ಹುಡುಗಿ ಸುಮ್ಮನಾದದ್ದು ನನಗೆ ತಡೆಯಲಾಗಲಿಲ್ಲ. "ಇಲಾಖಿಯವ್ರು ನೋಡಾಕ ಬರೂತನಕ ಹೆಸರ ಇರಲಿ ಬಿಡ್ರಿ" ಎಂದೆ. ಚೇರಮನ್ನರು ನನ್ನ ಮುಖ ನೋಡಿದರು. "ಇರಲೇಳ್ರಿ. ಆದ್ರ ಅವತ್ತ ಅಕಿ ಎಲ್ಲಾರ ಮುಂದ ತಾನ ಹತ್ತಿ ತೋರಸಬೇಕು."

ಅವರೆಲ್ಲ ಹೋದ ಮೇಲೆ ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಕೂತಾಗ ಕಣ್ಣಿಗೆ ಬಿದ್ದದ್ದು ಸಿಮೆಂಟಿನ ಮಚ್ಚೆಗಳು. ಕೆಳಗಿನ ಮೆಟ್ಟಿಲುಗಳ ಮೇಲೆ ಒಂದೂ ಇರಲಿಲ್ಲ. ನಡುವೆಯೂ ಇರಲಿಲ್ಲ. ಮೇಲೆ, ಕೊನೆಯ ಮೆಟ್ಟಿಲುಗಳ ಹತ್ತಿರ ಮಾತ್ರ, ಸಗಣಿ ತಟ್ಟಿದ ಹಾಗೆ, ಒಂದರ ಮೇಲೊಂದು. ಬುಟ್ಟಿ ಹೊತ್ತು ಬರುತ್ತಿದ್ದ ಆಳನ್ನು ಕೇಳಿದೆ, "ಅಲ್ಲೇ ಮ್ಯಾಲ ಯಾಕ ಚೆಲ್ಲತೈತಿ?"

"ಯಾರಿಗೆ ಗೊತ್ರಿ ಅಕ್ಕಾರ. ಅಲ್ಲಿ ಹೋದ ಕೂಡ್ಲೆ ಕಾಲು ತಪ್ಪತೈತಿ. ಏನೋ ಗಾಳಿ ಐತಿ ಅಂತಾರ. ನಿಂಬಿಹಣ್ಣ ಕಟ್ಟಬೇಕು."

ಚೀಲದಿಂದ ಕಟ್ಟಿಗೆಯ ತುಂಡು ತೆಗೆದು ತಾಗಿಸುತ್ತ ಹೋದೆ. ಎಲ್ಲ ಸರಿ. ಕೊನೆಗೆ ಬಂದಾಗ ತುಂಡು ಮೆಟ್ಟಿಲಿಗಿಂತ ಮೇಲೆ ಎದ್ದು ನಿಂತಿತು. ಒಂದು ಪೂರ್ತಿ ಮೆಟ್ಟಿಲು ಇರಬೇಕಾದಲ್ಲಿ ಎರಡು ತೆಳ್ಳನೆಯ ಅರ್ಧ ಮೆಟ್ಟಿಲು ಕಟ್ಟಿದ್ದರು. ಕಾಲು ಪೂರ್ತಿ ಎತ್ತರಕ್ಕೆ ಏರಿ, ಅಲ್ಲಿ ಏನೂ ಸಿಗದೆ ದೊಪ್ಪೆಂದು ಕೆಳಗಿಳಿಯುತ್ತಿತ್ತು. ಎರಡು ಗಟ್ಟಿ ಕಾಲಿದ್ದವರಿಗೆ ಬುಟ್ಟಿ ಅಲುಗುತ್ತಿತ್ತು. ಗಂಗವ್ವ ಬಿದ್ದಳು. ತಪ್ಪು ಮಾತ್ರ ಅವಳ ಕಾಲಿನ ಮೇಲೆ ಬಂತು.

ಮರುದಿನ ಮಾವನವರನ್ನು ಕರೆದುಕೊಂಡು ಹೋದೆ. ಅವರಿಗೆ ಆಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ಪಾವಟಿಗೆಯ ಪರೀಕ್ಷೆಯನ್ನು ಅವರು ಮಾತಾಡುತ್ತ ಹತ್ತಿಯೇ ಮಾಡುವವರು. ಚೇರಮನ್ನರ ಹೆಗಲ ಮೇಲೆ ಕೈ ಇಟ್ಟು, ಈ ಸಲದ ಭತ್ತ ಹೇಗೆ, ಹಂದಿಯ ಕಾಟ ಹೇಗೆ ಎಂದು ಕೇಳುತ್ತ ಹತ್ತತೊಡಗಿದರು. ಚೇರಮನ್ನರಿಗೆ ಹಂದಿಯ ಮಾತು ಸಿಕ್ಕರೆ ಸಾಕು. ಇಬ್ಬರೂ ತುದಿಗೆ ಬಂದರು. ಇಬ್ಬರ ಕಾಲೂ ಒಮ್ಮೆಗೇ ದೊಪ್ಪೆಂದವು. ಒಬ್ಬರನ್ನೊಬ್ಬರು ತೆಕ್ಕೆ ಹಾಕಿ ಹಿಡಿದುಕೊಂಡು ನಿಂತರು. ಕೆಳಗೆ ಹೆಣ್ಣಾಳುಗಳು ಮುಖ ಆ ಕಡೆ ತಿರುಗಿಸಿದರು. ಚೇರಮನ್ನರು ಧೋತರದ ಚುಂಗು ಸರಿಪಡಿಸಿಕೊಳ್ಳುತ್ತ, "ಗಂಗವ್ವನ ಕಾಲ ಅಲ್ಲ ಬಿಡ್ರಿ ಇದು" ಎಂದರು.

ಮಾವನವರು ಬೈಯಲಿಲ್ಲ. ಆ ತೆಳ್ಳನೆಯ ಮೆಟ್ಟಿಲನ್ನು ಅಂಗಾಲಿನಿಂದ ಸವರುತ್ತ, "ಫಕೀರಾ, ಇಲ್ಲಿ ಯಾರಿಗೆ ಹೆದರಿದೀಪಾ?" ಎಂದರು.

ಫಕೀರಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿದ. "ಪಾವಟಿಗಿ ಲೆಕ್ಕ ಸಮ ಬಂತ್ರಿ ಯಜಮಾನ್ರ. ಎಲ್ಲಾ ಒಂದ ಎತ್ತರ ಇಟ್ರ ಪಾವಟಿಗಿ ಸಮ ಬರತಾವ. ಬಲಗಾಲಿಟ್ಟು ಹತ್ತಿದವ್ರು ಮ್ಯಾಲ ಎಡಗಾಲಿಟ್ಟು ಒಳಗ ಹೋಗ್ತಾರ. ಹೆಣ್ಣಮಕ್ಕಳು ದುಡಕೊಂಡು ತಿನ್ನೂ ಜಾಗಾಕ್ಕ ಎಡಗಾಲಿಟ್ಟು ಹೋಗೂದೇನ್ರಿ? ಅವರಿಗೆ ಕೆಟ್ಟ ಆಗಬಾರದಂತ ಬೆಸ ಮಾಡೀನಿ. ನಮ್ಮಪ್ಪ ಒಂದ ಮನಿಗೂ ಸಮ ಪಾವಟಿಗಿ ಕಟ್ಟಿಲ್ಲ."

ಗೋಡೆಗೆ ಒರಗಿ ನಿಂತಿದ್ದ ಗಂಗವ್ವ ಹೇಳಿದಳು, "ಫಕೀರಪ್ಪಣ್ಣ, ನಂದು ಬಲಗಾಲು ದೇವರಿಗೂ ಉಪಯೋಗಿಲ್ಲ. ನಾ ಎಲ್ಲಿ ಹೋದ್ರೂ ಎಡಗಾಲ ಮುಂದ. ಹಂಗಾರ ನನಗ ಶುಭ ಅನ್ನೂದ ಇಲ್ಲೇನು?"

ಫಕೀರಪ್ಪ ಬಗ್ಗಿ ಮೆಟ್ಟಿಲಿನ ಅಂಚು ಸವರಿದ. ಆದರೆ ಸಮ ಮಾಡಲು ಒಪ್ಪಲಿಲ್ಲ. ಚೇರಮನ್ನರೂ ಅವನ ಕಡೆಗೇ. ಸಮವೂ ಆಗಬಾರದು, ಸುಳ್ಳು ಮೆಟ್ಟಿಲೂ ಇರಬಾರದು. ಎಲ್ಲ ಕಿತ್ತು ಹೊಸದಾಗಿ ಭಾಗ ಮಾಡಿ ಕಟ್ಟಲು ಅಷ್ಟು ದಿನ ಉಳಿದಿರಲಿಲ್ಲ, ಮುಂದಿನ ವಾರ ಓವರ್‌ಸಿಯರ್ ಬರುವವರಿದ್ದರು. "ಸಮದ್ದು ನನ್ನ ಕೈಲೆ ಆಗೂದಿಲ್ರಿ ಅಕ್ಕಾರ. ಬ್ಯಾರೇದವ್ರನ್ನ ನೋಡ್ರಿ" ಎಂದು ಫಕೀರಪ್ಪ ಗಾರೆಯ ಕರಣಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟ. ಬಸ್ಸಿನಲ್ಲಿ ಮರಳುವಾಗ ನನಗೆ ಸೆರಗಿನಲ್ಲಿ ಬಳೆಚೂರು ಕಟ್ಟಿಕೊಂಡ ಆ ಹುಡುಗಿಯೇ ಕಾಣುತ್ತಿದ್ದಳು.

ಮರುದಿನ ಮುಂಜಾನೆ ಹೋದರೆ ಪಾವಟಿಗೆಯ ಬುಡದಲ್ಲಿ ಒಂದು ತಗ್ಗು. ತಗ್ಗಿನಲ್ಲಿ ರುಮಾಲು ಕಾಣುತ್ತಿತ್ತು. ಫಕೀರಪ್ಪ ನೆಲ ಅಗೆಯುತ್ತಿದ್ದ.

"ಮ್ಯಾಲ ಜಾಗ ಇಲ್ರಿ" ಎಂದ, ಗುದ್ದಲಿ ನಿಲ್ಲಿಸದೆ. "ಮ್ಯಾಲಿನ ಎರಡು ತಗದು ಪೂರ್ತಿ ಒಂದು ಕಟ್ತೀನಿ. ಕೆಳಗ ನೆಲಾ ಇಳಸಿ ಮತ್ತೊಂದು ಕೂಡಸ್ತೀನಿ. ನಿಮ್ಮ ಕಟ್ಟಿಗಿ ತುಂಡಿಗೂ ಸರಿ, ನಮ್ಮಪ್ಪಗೂ ಸರಿ."

ಅಂಗಳವನ್ನು ಒಂದು ಮೆಟ್ಟಿಲಿನಷ್ಟು ಇಳಿಸಿದೆವು. ಅಲ್ಲಿ ಮಳೆನೀರು ನಿಲ್ಲಬಾರದೆಂದು ಒರಟು ಕಲ್ಲು ಹಾಸಿ, ಗಟಾರದ ಕಡೆ ಇಳಿಜಾರಾಗಿ ವಾಟ ಕೊಟ್ಟೆವು. ನಾನು ಇನ್ನೊಂದು ಕೇಳಿದೆ. ಗೋಡೆಯ ಬದಿಗೂ ಕೈ ಹಿಡಿಯಲು ಏನಾದರೂ ಬೇಕು, ಗಂಗವ್ವನ ಎಡಗೈಗೆ. ನಕ್ಷೆಯಲ್ಲಿ ಅದು ಇರಲಿಲ್ಲ. ಮಾವನವರು ಅಳ್ನಾವರದಿಂದ ತರಿಸಿಟ್ಟಿದ್ದ ಸಾಗವಾನಿ ತುಂಡೊಂದು ಮನೆಯ ಅಟ್ಟದ ಮೇಲಿತ್ತು, ತೊಟ್ಟಿಲಿಗೆಂದು ತೆಗೆದಿಟ್ಟದ್ದು. "ಒಯ್ಯಿ ಬೇ. ಕೂಸು ಬಂದಾಗ ಮತ್ತೊಂದ ನೋಡೂಣು" ಎಂದರು. ಊರ ಬಡಿಗ ಅದನ್ನು ಮುಷ್ಟಿಗೆ ಹೊಂದುವ ಹಾಗೆ ಗುಂಡಗೆ ಕೆತ್ತಿಕೊಟ್ಟ.

ಓವರ್‌ಸಿಯರ್ ಬಂದರು. ತುಂಡು ತಾಗಿಸುತ್ತ ಹತ್ತಿದರು, ಒಂದು ಕಡೆಯೂ ನಿಲ್ಲಲಿಲ್ಲ. ಗೋಡೆಯ ಮೇಲಿನ ಕಟ್ಟಿಗೆ ನೋಡಿ, "ಇದು ಪ್ಲ್ಯಾನಿನಲ್ಲಿ ಇಲ್ಲವಲ್ಲಮ್ಮ" ಎಂದರು.

"ಗಂಗವ್ವ ಹತ್ತೂದನ್ನ ಒಮ್ಮೆ ನೋಡ್ರಿ, ಆಮ್ಯಾಲ ತಗಸೂದಿದ್ರ ತಗಸ್ರಿ" ಎಂದೆ.

ಊರೆಲ್ಲ ನೆರೆದಿತ್ತು. ಫಕೀರಪ್ಪ ಮಾತ್ರ ಈ ಕಡೆ ನೋಡದೆ, ಗಟಾರದ ಹತ್ತಿರ ಸುಮ್ಮನೆ ಕಲ್ಲು ಸವರುತ್ತ ಕೂತಿದ್ದ. ಗಂಗವ್ವ ಎಡಗೈಯಿಂದ ಸಾಗವಾನಿ ಹಿಡಿದಳು, ಬಲಗೈಯಿಂದ ಮೊಣಕಾಲು ಒತ್ತಿದಳು, ಏರಿದಳು. ತುದಿಯಲ್ಲಿ ಅವಳ ಕಾಲು ತಡವರಿಸಲಿಲ್ಲ. ಮೇಲೆ ನಿಂತು, ಉಸಿರು ತೆಗೆದುಕೊಂಡು, "ಚೇರಮನ್ರ, ಹೆಸರ ಬರಕೋರಿ. ಗಂಗವ್ವ ಅಂತ, ಕುಂಟ ಗಂಗವ್ವ ಅಂತಲ್ಲ" ಎಂದಳು. ಚೇರಮನ್ನರು ಕೆಳಗಿನಿಂದಲೇ ತಲೆಯಾಡಿಸಿದರು.

ಅವಳು ಇಳಿದು ಬಂದ ಮೇಲೆ ಓವರ್‌ಸಿಯರ್ ತಾವೇ ಬುಡಕ್ಕೆ ಹೋಗಿ, ಬಲಗೈಯಿಂದ ತಮ್ಮ ಬಲಮೊಣಕಾಲು ಒತ್ತಿ ಹಿಡಿದು, ಎಡಗೈಯಿಂದ ಕಟ್ಟಿಗೆ ಹಿಡಿದು, ತುದಿಯವರೆಗೆ ಹತ್ತಿದರು. ಪ್ಯಾಂಟು ಹಾಕಿದ ಸಾಹೇಬರು ಹಾಗೆ ಹತ್ತುವುದನ್ನು ನೋಡಿ ಯಾರಿಗೂ ನಗು ಬರಲಿಲ್ಲ. ಕೆಳಗೆ ಬಂದು, "ಪ್ಲ್ಯಾನ್ ಮಾಡಿದವರು ಮರೆತಿದ್ದಾರೆ. ಇರಲಿ" ಎಂದು ಸಹಿ ಮಾಡಿದರು. ಆಮೇಲೆ ಅವರು ನೋಡಿಕೊಂಡ ಕೆಲಸಗಳ ನಕ್ಷೆಯಲ್ಲೆಲ್ಲ ಎರಡೂ ಬದಿಗೆ ಕೈಹಿಡಿ ಇರುತ್ತಿತ್ತು.

ಸುಮಾ, ನಿಮ್ಮ ಕಾಲದಲ್ಲಿ ಮೆಟ್ಟಿಲನ್ನು ಒಂದೇ ದಿನದಲ್ಲಿ ಕಾಂಕ್ರೀಟಿನಲ್ಲಿ ಸುರಿದುಬಿಡುತ್ತಾರೆ. ಉಳಿದ ಕಲ್ಲಿನ ಕಾಲ ಹೋಯಿತು. ಆದರೂ ಟೇಪು ಬಿಚ್ಚುವ ಮೊದಲು ಎಲ್ಲಿ ಚೆಲ್ಲಿದೆ ನೋಡು. ಯಾರಾದರೂ ಬಿದ್ದರೆ ಅವರ ಕಾಲನ್ನು ಆಮೇಲೆ ನೋಡು. ಗವಂಡಿ ತಪ್ಪು ಕಟ್ಟಿದ್ದರೆ ಯಾಕೆಂದು ಕೇಳು, ಅವನೂ ಯಾರೋ ಬೀಳಬಾರದೆಂದೇ ಹಾಗೆ ಕಟ್ಟಿರಬಹುದು.

ಹೋದ ಚಳಿಗಾಲದಲ್ಲಿ ದುಮ್ಮವಾಡಕ್ಕೆ ಹೋಗಿದ್ದೆ. ಅಲ್ಲಿ ಈಗ ಹೊಲಿಗೆ ಕಲಿಸುವವಳು ಗಂಗವ್ವ. ಬಸ್ಸು ಇಳಿಯುವಲ್ಲಿಗೇ ಬಂದಿದ್ದಳು. ನನ್ನ ಮೊಣಕಾಲು ನೋಡಿ, "ಹ್ಯಾಂಗ ಹತ್ತತೀರಿ ಅಕ್ಕಾರ? ಕೆಳಗ ಕುರ್ಚಿ ಹಾಕಸಲೇನು?" ಎಂದಳು. ಬೇಡ ಎಂದೆ. ಆದರೆ ಒಳಗೊಳಗೆ ಅಂಜಿಕೆ ಇತ್ತು, ಮನೆಯ ಹೊಸ್ತಿಲು ದಾಟಲೂ ಗೋಡೆ ಹಿಡಿಯುವವಳು ನಾನು. ದಾರಿಯಲ್ಲಿ ಅವಳು ನನ್ನ ಜಂಪರಿನ ತೋಳು ಎಳೆದು, ಇದನ್ನು ಯಾರು ಹೊಲಿದದ್ದು, ಕಂಕುಳಲ್ಲಿ ಎಷ್ಟು ಬಿಗಿ, ಎಂದು ತಪ್ಪು ತೆಗೆಯತೊಡಗಿದಳು. ನಾನೇ ಹೊಲಿದದ್ದು ಎಂದೆ. "ಕಾನ್ವೆಂಟಿನ್ಯಾಗ ಇದ ಕಲಿಸಿದ್ರೇನು?" ಎಂದಳು. ನನಗೂ ಸಿಟ್ಟು ಬಂತು. ಸಿಸ್ಟರ್ ಕಲಿಸಿದ ಕಸೂತಿಯ ಮಾತು ತೆಗೆದೆ, ಅವಳು ಕೌದಿಯ ಮಾತು ತೆಗೆದಳು. ಇಬ್ಬರೂ ಸೋಲಲಿಲ್ಲ. ಮಾತಿನ ನಡುವೆ ಕಿವಿಗೆ ಮಷಿನ್‌ಗಳ ಸದ್ದು ಬಿದ್ದಾಗ ತಲೆ ಎತ್ತಿ ನೋಡಿದೆ.

ನಾವು ಮೇಲಿದ್ದೆವು. ನನ್ನ ಎಡಗೈ ಇನ್ನೂ ಗೋಡೆಯ ಸಾಗವಾನಿಯ ಮೇಲಿತ್ತು. ಅಷ್ಟು ಕೈಗಳು ಹಿಡಿದು ಅದು ಎಣ್ಣೆ ತಿಕ್ಕಿದ ಹಾಗೆ ನುಣ್ಣಗಾಗಿತ್ತು. ಯಾವ ಕಾಲಿಟ್ಟು ಒಳಗೆ ಬಂದೆನೋ ನನಗೆ ಗೊತ್ತಾಗಲಿಲ್ಲ.